ಒಂಬತ್ತು ಹೆಜ್ಜೆಯ ಕೌದಿ

ಬೀದಿಯವರು ಅವಳನ್ನು ತೇಪೆಯಕ್ಕ ಎಂದೇ ಕರೆಯುತ್ತಿದ್ದರು. ದರ್ಜಿಗಳ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಚೀಲ ತುಂಬ ಹೊತ್ತು ತಂದು, ಕೌದಿ ಹೊಲಿದು ಮಾರುವುದು ಅವಳ ಕಸುಬು. ಇಪ್ಪತ್ತಾರು ವರ್ಷಗಳ ಹಿಂದೆ ಸೊಸೆಯಾಗಿ ಈ ಮನೆಗೆ ಬಂದಾಗ ಸೂಜಿಗೆ ದಾರ ಪೋಣಿಸುವುದೂ ಅವಳಿಗೆ ನೆಟ್ಟಗೆ ಬರುತ್ತಿರಲಿಲ್ಲ. ಪೋಣಿಸುವಾಗ ನಾಲಿಗೆಯ ತುದಿ ತಾನಾಗಿ ಹೊರಗೆ ಬರುತ್ತಿತ್ತು. ಸೂಜಿಯೊಳಗೆ ಹೋಗಬೇಕಾದ್ದು ದಾರ ಕಣಮ್ಮ, ನಾಲಿಗೆಯಲ್ಲ ಎಂದು ಅತ್ತೆ ಮೊದಲ ದಿನವೇ ಛೇಡಿಸಿದ್ದರು. ಕಸುಬು ಅತ್ತೆಯದು. ಅವಳು ಅದನ್ನು ಅವರ ಕೈಯಿಂದ, ಬೈಗುಳದ ಸಮೇತ, ಪಡೆದುಕೊಂಡವಳು.

ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯೇ ಕೆಲಸದ ಜಾಗ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಎದುರು ಗೋಡೆಗೆ ಮೂರು ತಗಡಿನ ಟ್ರಂಕು. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ ಇರಬಹುದೆಂದು ಬಂದವರು ಊಹಿಸುತ್ತಿದ್ದರು. ಹಾಗಿರಲಿಲ್ಲ. ಒಂದು ಟ್ರಂಕು ಬೆಳಕಿನದು, ಒಂದು ನಡುವಿನದು, ಒಂದು ಕತ್ತಲಿನದು. ಒಂದೇ ಕೆಂಪಿನ ಮೂರು ಚೂರು ಮೂರು ಟ್ರಂಕಿಗೆ ಹೋಗುವುದೂ ಇತ್ತು. ಯಾವುದಕ್ಕೆ ಯಾವುದು ಎಂದು ಅನುಮಾನ ಬಂದರೆ ಚೂರನ್ನು ಗೋಡೆಗೆ ಚುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ನೋಡಬೇಕು. ಆಗ ಬಣ್ಣ ಅಳಿಸಿಹೋಗಿ ಅದರ ತೂಕ ಮಾತ್ರ ಉಳಿಯುತ್ತದೆ. ಅತ್ತೆ ಕಲಿಸಿದ ಮೊದಲ ಪಾಠವೇ ಬಣ್ಣಗಳ ಹೆಸರು ಮರೆಯುವುದು.

ಒಮ್ಮೆ ಇಬ್ಬರು ಗಿರಾಕಿಗಳಿಗೆ ಒಂದೇ ನಕ್ಷತ್ರದ ನಮೂನೆ ಹೊಲಿದುಕೊಟ್ಟಿದ್ದರು. ಒಬ್ಬಳಿಗೆ ನಕ್ಷತ್ರಕ್ಕೆ ಬೆಳಕು, ಸುತ್ತಲಿಗೆ ಕತ್ತಲು ಇಟ್ಟಿದ್ದರು. ಇನ್ನೊಬ್ಬಳಿಗೆ ನಕ್ಷತ್ರವನ್ನು ನಡುವಿನ ಬಣ್ಣದಲ್ಲಿ ಮುಳುಗಿಸಿ, ಮೂಲೆಗಳಿಗೆ ಮಾತ್ರ ಬಿಳಿ ಕೊಟ್ಟಿದ್ದರು. ಆ ಎರಡನೆಯವಳು ಮೂಗು ಕೆಂಪಗೆ ಮಾಡಿಕೊಂಡು ಬಂದಳು. ನಾನು ಕೇಳಿದ್ದು ನಕ್ಷತ್ರ, ನೀವು ಕೊಟ್ಟಿರುವುದು ಗಾಡಿಯ ಚಕ್ರ ಎಂದು ಜಗಳ. ಅತ್ತೆ ಮೊದಲನೆಯವಳ ಕೌದಿಯನ್ನೂ ತರಿಸಿ, ಎರಡನ್ನೂ ಪಕ್ಕಪಕ್ಕ ಹಾಸಿ, ಚೂರು ಎಣಿಸಿಕೋ ತಾಯಿ ಎಂದು ಅವಳಿಗೊಂದು ಮಣೆ ಕೊಟ್ಟು ತಮ್ಮ ಕೆಲಸಕ್ಕೆ ಹೋದರು. ಅವಳು ಅರ್ಧ ಗಂಟೆ ಕೂತು ಎಣಿಸಿದಳು. ಎರಡರಲ್ಲೂ ಲೆಕ್ಕ ಒಂದೇ ಇತ್ತು. ಹೋಗುವಾಗ ತನ್ನ ಕೌದಿಯನ್ನು ಸ್ವಲ್ಪ ಹೆದರಿಕೆಯಿಂದಲೇ ಮಡಿಚಿಕೊಂಡಳು.

ಎರಡು ವರ್ಷದ ಕೆಳಗೆ, ಕತ್ತಲಿನ ಟ್ರಂಕಿನಲ್ಲಿ ತೇಪೆಯಕ್ಕನಿಗೆ ಒಂದು ನಿಂಬೆ ಹಳದಿ ಚೂರು ಸಿಕ್ಕಿತು. ಮಾರನೆಯ ವಾರ ಇನ್ನೊಂದು. ಆ ಟ್ರಂಕುಗಳಿಗೆ ಕೈ ಹಾಕುತ್ತಿದ್ದವರು ಇಬ್ಬರೇ. ಅವಳು ಏನೂ ಹೇಳದೆ ಎರಡನ್ನೂ ಅವುಗಳ ಜಾಗದಲ್ಲಿ ಇಟ್ಟಳು. ಆಮೇಲೆ ಪ್ರತಿ ಸಂಜೆ ಅತ್ತೆ ಎದ್ದುಹೋದ ಮೇಲೆ ಟ್ರಂಕುಗಳನ್ನು ತಡಕುವುದು ಅವಳಿಗೆ ಅಭ್ಯಾಸವಾಯಿತು. ಗಂಡನಿಗೂ ಹೇಳಲಿಲ್ಲ. ಹೇಳಿದರೆ ಅತ್ತೆಯ ಮರೆವು ನಿಜವಾಗಿಬಿಡುತ್ತದೆ ಎಂಬ ಭಯ.

ಈ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಕೂಡಿಕೊಂಡಿತು. ಮರೆವು ಮಾತ್ರ ಆಸ್ಪತ್ರೆಯಿಂದ ಬರುವಾಗ ದೊಡ್ಡದಾಗಿ ಬಂತು. ವ್ಯಾಯಾಮ ಮಾಡಿಸಲು ಶನಿವಾರಕ್ಕೊಮ್ಮೆ ಬರುತ್ತಿದ್ದವರಿಗೆ ಮನೆಯಲ್ಲಿ ನಡಿಗೆ ಡಾಕ್ಟರು ಎಂದು ಹೆಸರು. ಅವರು ಮಂಚದಿಂದ ಬಾಗಿಲವರೆಗೆ ಅಳೆದು ನೋಡಿ, ಅಜ್ಜಿಯ ಹೆಜ್ಜೆಯಲ್ಲಿ ಒಂಬತ್ತು ಎಂದರು. ಇನ್ನು ಮೂರು ವಾರದಲ್ಲಿ ಈ ಒಂಬತ್ತು ಹೆಜ್ಜೆ ಇಡದಿದ್ದರೆ ಮುಂದೆ ಇಡುವುದು ಕಷ್ಟ, ಕಾಲಿನ ಶಕ್ತಿ ಇಳಿದುಹೋಗುತ್ತದೆ, ಆಮೇಲೆ ಬೆನ್ನು ಹುಣ್ಣಾಗುತ್ತದೆ, ಆಮೇಲೆ ಎದೆಯಲ್ಲಿ ಕಫ ಕಟ್ಟುತ್ತದೆ ಎಂದು ಒಂದೊಂದಾಗಿ ಹೇಳಿದರು. ಕೊನೆಯದನ್ನು ಹೇಳಲಿಲ್ಲ.

ಊರಿನ ಇನ್ನೊಂದು ತುದಿಯಲ್ಲಿದ್ದ ನಾದಿನಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಹಾಗಾಗಿ ಕೊನೆಯದು ಅವಳಿಗೆ ಗೊತ್ತಿತ್ತು. ಮೂರು ವಾರ ನೋಡೋಣ, ಆಗದಿದ್ದರೆ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತೇನೆ, ಅಲ್ಲಿ ಗೋಡೆಗೆಲ್ಲ ಹಿಡಿಕೆ ಇದೆ, ನರ್ಸುಗಳಿದ್ದಾರೆ ಎಂದು ಅಣ್ಣನಿಗೆ ಹೇಳಿದಳು. ಲೇತು ಕಾರ್ಖಾನೆಯಲ್ಲಿ ದಿನವಿಡೀ ಕಬ್ಬಿಣದ ಜೊತೆ ಇರುವ ಆ ಅಣ್ಣ ತಲೆಯಾಡಿಸಿದ.

ಆಶ್ರಮವನ್ನು ತೇಪೆಯಕ್ಕ ನೋಡಿದ್ದಳು. ಅಲ್ಲಿಗೆ ಹೊದಿಕೆ ಹೊಲಿದುಕೊಟ್ಟಿದ್ದಳು. ಸಾಲಾಗಿ ಮಂಚ, ಸಾಲಾಗಿ ಮುಖ. ಅತ್ತೆಯ ಮುಖವನ್ನು ಆ ಸಾಲಿನಲ್ಲಿ ಇಟ್ಟು ನೋಡಲು ಅವಳಿಂದಾಗಲಿಲ್ಲ.

ನೆಲದ ನುಣ್ಣನೆಯ ಹಾಸುಗಲ್ಲು ಜಾರುತ್ತದೆ, ದಪ್ಪಗೆ, ಅಲುಗದಂತೆ ಏನಾದರೂ ಹಾಸಿ ಎಂದಿದ್ದರು ಡಾಕ್ಟರು. ಅವಳು ಹಗಲಿಡೀ ಕೂತು ಎಂಟೇ ದಿನದಲ್ಲಿ ಒಂದು ಉದ್ದನೆಯ ಕೌದಿ ಹೊಲಿದಳು. ಅಗಲ ಎರಡು ಮೊಳ, ಉದ್ದ ಒಂಬತ್ತು ಹೆಜ್ಜೆ, ಅಡಿಗೆ ರಬ್ಬರಿನ ಜಾಲರಿ. ಮೇಲಕ್ಕೆ ಅತ್ತೆಗೆ ಬಲು ಇಷ್ಟವಾದ ಪೆಟ್ಟಿಗೆಯ ನಮೂನೆ. ಗಾಳಿಪಟದ ಆಕಾರದ ಮೂರು ಚೂರು ಕೂಡಿದರೆ ಒಂದು ಪೆಟ್ಟಿಗೆ. ಮೇಲಿನದು ಬೆಳಕು, ಎಡದ್ದು ನಡು, ಬಲದ್ದು ಕತ್ತಲು. ತಿಳಿ ಬೂದು, ಮಾಸಲು ನೀಲಿ, ಕಡು ನೀಲಿ. ಬಾಗಿಲಲ್ಲಿ ನಿಂತು ಸುರುಳಿ ಬಿಚ್ಚಿ ಮಂಚದ ಬುಡದವರೆಗೆ ಹಾಸಿದಾಗ ಅರವತ್ತು ಪೆಟ್ಟಿಗೆಗಳು ನೆಲದಿಂದ ಎದ್ದು ಕೂತಂತೆ ಕಂಡವು. ಬಾಗಿಲಿಗೆ ಬಂದ ನಾದಿನಿಯೂ ಒಂದು ಕ್ಷಣ ಕಾಲಿಡಲು ಹಿಂಜರಿದು, ಅಬ್ಬಾ ಅತ್ತಿಗೆ, ಕೈ ಅಂದರೆ ಕೈ ಎಂದಳು.

ಅತ್ತೆಯನ್ನು ಮಂಚದ ಅಂಚಿಗೆ ಕೂರಿಸಿ ಕಾಲು ಇಳಿಬಿಡಿಸಿದರು. ಅವರು ಕೆಳಗೆ ನೋಡಿದರು. ಕಾಲು ಮೇಲೆಳೆದುಕೊಂಡು ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಗುಂಡಿ," ಎಂದರು. "ಕೆಳಗೆ ನೀರಿದೆ."

ಮೊದಲ ದಿನ ಎಲ್ಲರೂ ಸಮಾಧಾನ ಮಾಡಿದರು. ಎರಡನೆಯ ದಿನ ಗಂಡ, ಸೊಸೆ ಮನೆಗೆ ಬಂದ ದಿನ ಹೆದರಬೇಕಾಗಿದ್ದವರು ಇವತ್ತು ಹೆದರುತ್ತಿದ್ದಾರೆ ಎಂದು ತಮಾಷೆ ಮಾಡಿದ. ಅಮ್ಮ ನಗಲಿಲ್ಲ. ಬೆಳಿಗ್ಗೆ ಬಚ್ಚಲಿಗೆ ಒಯ್ಯಲು ಅವನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವಾಗ ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ನಾಲ್ಕನೆಯ ದಿನ ತೇಪೆಯಕ್ಕ ಒಬ್ಬಳೇ ಇದ್ದಾಗ, ಬನ್ನಿ ಅತ್ತೆ, ಏನೂ ಆಗುವುದಿಲ್ಲ ಎಂದು ತೋಳು ಹಿಡಿದು ಎಳೆದಳು. ಸ್ವಲ್ಪ ಜೋರಾಗಿಯೇ ಎಳೆದಳು. ಅತ್ತೆ ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. ಕೈ ಬಿಟ್ಟಾಗ, ಹಣ್ಣಾದ ತೋಳಿನ ತೆಳು ಚರ್ಮದ ಮೇಲೆ ಅವಳ ನಾಲ್ಕು ಬೆರಳು ಮೂಡಿದ್ದವು. ಸಂಜೆಗೆ ಅವು ನೀಲಿಯಾದವು.

ಶನಿವಾರ ನಡಿಗೆ ಡಾಕ್ಟರು ಬಂದರು. ಅತ್ತೆ ಮಂಚದಿಂದ ಇಳಿಯಲಿಲ್ಲ. ನಾದಿನಿ ಅಮ್ಮನ ತೋಳನ್ನೇ ನೋಡುತ್ತಿದ್ದಳು. ಡಾಕ್ಟರು ಹೋದ ಮೇಲೆ ಅವಳ ಕಿವಿಯಲ್ಲಿ ಅಮ್ಮ ಏನೋ ಹೇಳಿದರು. ನಾದಿನಿ ಅಡುಗೆಮನೆಗೆ ಬಂದಳು. ಬಾಗಿಲು ಮುಂದಕ್ಕೆ ಎಳೆದಳು.

"ಅತ್ತಿಗೆ, ನೀವು ಗುಂಡಿ ತೋಡಿ ಇಟ್ಟಿದೀರಂತೆ. ಅವರನ್ನ ತಳ್ತೀರಂತೆ."

"ನೀನೂ ಅದನ್ನ ನಂಬ್ತೀಯಾ?"

"ಗುಂಡಿ ನಂಬಲ್ಲ," ಎಂದಳು ನಾದಿನಿ. "ತೋಳು ನೋಡಿದೆ."

ಎಳೆದದ್ದು ನಿಜ. ಎಳೆದದ್ದು ಏಕೆಂದು ಹೇಳಲು ಬಾಯಿ ತೆರೆದರೆ, ಎಳೆದೆ ಎನ್ನುವುದಷ್ಟೇ ಹೊರಬರುತ್ತದೆ. ನಾದಿನಿ ಮುಂದಿನ ಶನಿವಾರ ಕೊನೆ ಎಂದು ಹೇಳಿ ಚಪ್ಪಲಿ ಮೆಟ್ಟಿದಳು.

ಆ ದಿನದಿಂದ ಅತ್ತೆಯ ಕೋಣೆಗೆ ಹೋಗುವುದಕ್ಕೇ ಅವಳಿಗೆ ಅಂಜಿಕೆ. ಗಂಜಿಯ ಬಟ್ಟಲು ಹಿಡಿದು ಹತ್ತಿರ ಹೋದರೆ ಅವರು ಗೋಡೆಯ ಕಡೆಗೆ ಸರಿಯುತ್ತಿದ್ದರು. ಇಪ್ಪತ್ತಾರು ವರ್ಷ ಎದುರುಬದುರು ಕೂತು ಹೊಲಿದವರು. ಅವಳ ಬಾಣಂತನ ಮಾಡಿದವರು. ಆ ಕಣ್ಣುಗಳು ಈಗ ಅವಳ ಕೈಗಳನ್ನು ಹಿಂಬಾಲಿಸುತ್ತಿದ್ದವು.

ಸೋಮವಾರ ಬೆಳಿಗ್ಗೆ ಗಂಡ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಬಿಸಿಲಿಗೆ ಕರೆದೊಯ್ದಿದ್ದ. ಅವಳು ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ಗೋಡೆಯ ಕಡೆಯ ಅಂಚು ಸಿಕ್ಕಿಸಲು ಮಂಚ ಹತ್ತಿದವಳು ದಣಿದು ಹಾಗೆಯೇ ಒರಗಿದಳು. ದಿಂಬಿನ ಪಕ್ಕ ಅತ್ತೆಯ ಕನ್ನಡಕ ಇತ್ತು. ಯಾಕೆಂದು ಅವಳಿಗೇ ತಿಳಿಯದು, ಅದನ್ನು ಹಾಕಿಕೊಂಡು ಕೆಳಗೆ ನೋಡಿದಳು.

ಪೆಟ್ಟಿಗೆಗಳಿರಲಿಲ್ಲ. ನೆಲದ ತುಂಬ ಬಾವಿಗಳು. ಕಡು ನೀಲಿಯ ಗೋಡೆ ಆಳಕ್ಕೆ ಇಳಿದಿತ್ತು. ತಳದಲ್ಲಿ ತಿಳಿ ಬೂದು, ನಿಂತ ನೀರಿನಂತೆ ಹೊಳೆಯುತ್ತಿತ್ತು. ಅವಳ ಕೈ ತಾನಾಗಿ ಮಂಚದ ಕಂಬಿ ಹಿಡಿಯಿತು.

ಕನ್ನಡಕ ತೆಗೆದಳು. ಆಗಲೂ ಬಾವಿಗಳೇ. ಅವಳಿಗೆ ತನ್ನ ತಪ್ಪು ತಿಳಿಯಿತು. ಕೌದಿ ಹೊಲಿಯುವವರು ಕೌದಿಯನ್ನು ನೋಡುವುದು ತಾವು ನಿಂತ ಕಡೆಯಿಂದ. ಅವಳು ಬಾಗಿಲಲ್ಲಿ ನಿಂತು ಹಾಸಿದ್ದಳು, ಬಾಗಿಲಲ್ಲಿ ನಿಂತು ಮೆಚ್ಚಿದ್ದಳು, ಬಾಗಿಲಲ್ಲಿ ನಿಂತವರಿಂದಲೇ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು. ಮಂಚದ ಕಡೆಯಿಂದ ಅದೇ ನಮೂನೆ ತಲೆಕೆಳಗು. ಮೇಲಿದ್ದ ಬೆಳಕು ಕೆಳಕ್ಕೆ ಬಂದರೆ ಪೆಟ್ಟಿಗೆ ಗುಂಡಿಯಾಗುತ್ತದೆ. ಅತ್ತೆಯ ಪೊರೆ ಬಂದ ಕಣ್ಣಿಗಂತೂ ಲೋಕವೆಲ್ಲ ಅರ್ಧ ಕಣ್ಣು ಮುಚ್ಚಿ ನೋಡಿದಂತೆಯೇ. ಬಣ್ಣ ಕಾಣದು, ಆಳ ಮಾತ್ರ ಕಾಣುತ್ತದೆ. ಎಂಟು ದಿನದಿಂದ ಅವರು ನಿಜವನ್ನೇ ಹೇಳುತ್ತಿದ್ದರು.

ಅವಳು ಕೂಡಲೇ ಕೌದಿಯನ್ನು ತಿರುಗಿಸಿ ಹಾಸಿದಳು. ಮಂಚದಿಂದ ನೋಡಿದರೆ ಈಗ ಸಾಲು ಸಾಲು ಪೆಟ್ಟಿಗೆ. ಅತ್ತೆ ಅಂದು ಮಧ್ಯಾಹ್ನ ಕೆಳಗೆ ನೋಡಿದರು. ಅವರ ಮುಖ ಸಡಿಲವಾಯಿತು. ಅವಳ ಭುಜ ಹಿಡಿದು ಎದ್ದು ನಿಂತೇಬಿಟ್ಟರು. ಅವಳ ಕಣ್ಣು ಹನಿಗೂಡುತ್ತಿರುವಾಗಲೇ ಅತ್ತೆ ಅವಳ ಭುಜ ಬಿಟ್ಟು, ಮೆಲ್ಲಗೆ ಹಿಂದಕ್ಕೆ ಬಾಗಿ, ಒಂದು ಪೆಟ್ಟಿಗೆಯ ಮೇಲೆ ಕೂರಲು ಹೋದರು.

ಅಲ್ಲಿ ಪೆಟ್ಟಿಗೆ ಎಲ್ಲಿತ್ತು? ಅವಳು ಎರಡೂ ಕೈ ಚಾಚಿ ಅವರ ಕೆಳಗೆ ತಾನೇ ಬಿದ್ದಳು. ಅತ್ತೆ ಅವಳ ಮಡಿಲಿನ ಮೇಲೆ ಕೂತರು. ಮೂಳೆಗೆ ಏನೂ ಆಗಲಿಲ್ಲ. ಇಬ್ಬರ ಎದೆಯೂ ಡವಗುಡುತ್ತಿತ್ತು. ಯಾವುದು ಯಾರದೆಂದು ತಿಳಿಯದಷ್ಟು ಹತ್ತಿರ ಕೂತಿದ್ದರು.

ತೆಗೆದು ಬಿಸಾಕು ಅದನ್ನ, ಇಲ್ಲವೇ ಮೇಲೆ ಒಂದೇ ಬಣ್ಣದ ಬಟ್ಟೆ ಹೊದಿಸಿಬಿಡು ಎಂದ ಗಂಡ. ಹೊದಿಸಿ ನೋಡಿದಳು. ಕಾಲು ಉಜ್ಜಿದ ಕಡೆ ಬಟ್ಟೆ ನೆರಿಗೆ ಎದ್ದು, ಅವಳದೇ ಹೆಬ್ಬೆರಳು ಸಿಕ್ಕಿಕೊಂಡು ಮುಗ್ಗರಿಸಿದಳು. ಗೇಣಿಗೊಂದು ಕಡೆ ಹೊಲಿದು ಕೂರಿಸಬೇಕು. ಅಂದರೆ ಚೂರು ಚೂರಾಗಿಯೇ. ಶನಿವಾರಕ್ಕೆ ಐದು ದಿನ ಇತ್ತು.

ಮಂಗಳವಾರ ಬೆಳಗಾದದ್ದೇ ಅವಳು ನಡುವಿನ ಟ್ರಂಕನ್ನು ನೆಲಕ್ಕೆ ಸುರಿದಳು. ಇಟ್ಟಿಗೆಯ ಕೆಂಪು, ಎಲೆಯ ಹಸಿರು, ಜೇನಿನ ಕಂದು, ಶಾಲೆಯ ಸಮವಸ್ತ್ರದ ಬೂದು. ಹೆಸರು ಬೇರೆ ಬೇರೆ, ತೂಕ ಒಂದೇ. ಕಡು ನೀಲಿಯ ಅರವತ್ತು ಚೂರುಗಳ ಮೇಲೂ, ತಿಳಿ ಬೂದಿನ ಅರವತ್ತು ಚೂರುಗಳ ಮೇಲೂ ಅವನ್ನು ಒಂದೊಂದಾಗಿ ಕೂರಿಸಿ ಹೊಲಿಯತೊಡಗಿದಳು. ನಡುವಿನವನ್ನು ಹಾಗೆಯೇ ಬಿಟ್ಟಳು. ಪ್ರತಿ ಸಾಲು ಮುಗಿದಾಗ ಮಂಚ ಹತ್ತಿ ಮಲಗಿ, ಅತ್ತೆಯ ಕನ್ನಡಕ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಒಂದು ಚೂರು ಕೂದಲೆಳೆಯಷ್ಟು ಕಪ್ಪಾದರೂ ಅಲ್ಲೊಂದು ಬಾವಿ ಬಾಯಿ ತೆರೆಯುತ್ತಿತ್ತು. ಬಿಚ್ಚಿ ಬೇರೆ ಹಾಕುತ್ತಿದ್ದಳು.

ನಮೂನೆ ಎದ್ದು ಕಾಣಲಿ ಎಂದೇ ಜೀವಮಾನವೆಲ್ಲ ಹೊಲಿದವಳು. ಈಗ ಕಾಣದಿರಲಿ ಎಂದು ಹೊಲಿಯುತ್ತಿದ್ದಳು. ಸಾಲು ಸಾಲಾಗಿ ಪೆಟ್ಟಿಗೆಗಳು ನೆಲಕ್ಕೆ ಇಂಗಿದವು. ಶುಕ್ರವಾರ ಸಂಜೆಗೆ ಕಣ್ಣು ಅರ್ಧ ಮುಚ್ಚಿದರೆ ಅಲ್ಲಿ ಏನೂ ಇರಲಿಲ್ಲ. ಬರಿಯ ಮಣ್ಣಿನ ದಾರಿ.

ಆದರೆ ಅವಳೊಳಗೆ ಹೊಕ್ಕ ಭಯ ಇಳಿಯಲಿಲ್ಲ. ನಡೆದಾಡುವಾಗ ಮನೆಯೆಲ್ಲ ಅವಳಿಗೆ ಬೇರೆಯಾಗಿ ಕಾಣತೊಡಗಿತ್ತು. ಮೇಜಿನ ನೆರಳು, ಬಚ್ಚಲಿನ ಮುಂದಿನ ಕಪ್ಪು ಕಲ್ಲು, ನೆಲಕ್ಕೆ ಜಾರಿದ ಗಂಡನ ಕರಿಯ ಅಂಗಿ. ದಾಟುವಾಗ ಕಾಲು ತಾನಾಗಿ ಸುತ್ತಿ ಹೋಗುತ್ತಿತ್ತು.

ಶನಿವಾರ ಹತ್ತು ಗಂಟೆಗೆ ಎಲ್ಲರೂ ಕೋಣೆಯಲ್ಲಿದ್ದರು. ಡಾಕ್ಟರು ಮಂಚದ ಪಕ್ಕ, ಗಂಡ ಕಿಟಕಿಗೆ ಒರಗಿ, ನಾದಿನಿ ಬಾಗಿಲಲ್ಲಿ. ನಾದಿನಿಯ ಕೈಯಲ್ಲಿ ಆಶ್ರಮದ ಅರ್ಜಿ ಇದ್ದ ಪ್ಲಾಸ್ಟಿಕ್ ಚೀಲ.

ಅತ್ತೆ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಪಾದ ಇಳಿಸಿದರು. ಡಾಕ್ಟರು ಒಂದು ತೋಳು, ತೇಪೆಯಕ್ಕ ಒಂದು ತೋಳು. ಹಿಡಿಯುವಾಗ ಅವಳ ಬೆರಳು ಆ ನೀಲಿ ಗುರುತುಗಳನ್ನು ತಪ್ಪಿಸಿ ಕೂತಿತು. ಒಂದು ಹೆಜ್ಜೆ. ಎರಡು. ಮೂರು. ಡಾಕ್ಟರು ನಿಧಾನವಾಗಿ ಕೈ ಸಡಿಲಿಸಿದರು.

ನಾಲ್ಕನೆಯದಕ್ಕೆ ಅತ್ತೆ ನಿಂತರು. ಅವರ ಹೆಬ್ಬೆರಳು ಕೌದಿಯ ಮೇಲೆ ಸಣ್ಣಗೆ ಅಲುಗಾಡಿತು. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುವ ಹಾಗೆ, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ.

"ಇಲ್ಲಿ ಒಂದು ಪದರ," ಎಂದರು. "ಇಲ್ಲಿ ಎರಡು."

ಅತ್ತೆಯ ಮೈ ನಡುಗಲು ಶುರುವಾದದ್ದು ಅವಳ ಕೈಗೆ ತಿಳಿಯಿತು.

"ಗುಂಡಿ ಮುಚ್ಚಿದೀಯ. ಕೆಳಗೆ ಹಾಗೇ ಇದೆ."

ನಾದಿನಿ ಒಂದು ಹೆಜ್ಜೆ ಮುಂದೆ ಬಂದಳು. ಮುಂದಕ್ಕೆ ಐದು ಹೆಜ್ಜೆ, ಹಿಂದಕ್ಕೆ ನಾಲ್ಕು. ಅತ್ತೆ ಎರಡಕ್ಕೂ ಒಪ್ಪದೆ ನಡುವೆ ನಿಂತಿದ್ದರು. ಏನೂ ಇಲ್ಲ ಅತ್ತೆ, ಬರೀ ಬಟ್ಟೆ ಎನ್ನುವ ಮಾತು ತೇಪೆಯಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಎಂಟು ದಿನ ಎಲ್ಲರೂ ಹೇಳಿದ ಮಾತು ಅದೇ. ಅವಳು ಅದನ್ನು ನುಂಗಿಕೊಂಡಳು.

"ಹೌದು ಅತ್ತೆ," ಎಂದಳು. "ಕೆಳಗೆ ಹಾಗೇ ಇದೆ. ನಾನೇ ಮುಚ್ಚಿದ್ದು."

ಅತ್ತಿಗೆ ಎಂದು ನಾದಿನಿ ತಡೆಯಲು ಹೋದಳು. ಅತ್ತೆ ತಲೆಯೆತ್ತಿ ಸೊಸೆಯ ಮುಖ ನೋಡಿದರು. ಎಷ್ಟೋ ದಿನದ ಮೇಲೆ, ಕೈಗಳನ್ನಲ್ಲ, ಮುಖವನ್ನು.

"ಹೊಲಿಗೆ ಗಟ್ಟಿ ಇದೆಯಾ?"

"ಗಟ್ಟಿ ಇದೆ."

"ಎಷ್ಟು ಎಳೆ?"

"ಎರಡೆಳೆ. ಮೂಲೆಗೆ ಮೂರು ಸಲ ಹಿಂದಕ್ಕೂ ಹಾಕಿದೀನಿ."

ಅತ್ತೆ ಯೋಚಿಸಿದರು. ಯಾರೋ ಹೊಸ ಹುಡುಗಿಯ ಕೆಲಸವನ್ನು ಬೆಳಕಿಗೆ ಹಿಡಿದು ನೋಡುವಾಗಿನ ಮುಖ ಅದು. "ತುಳಿದು ತೋರಿಸು," ಎಂದರು.

ಅವಳು ಅತ್ತೆಯ ಎರಡೂ ಕೈ ಹಿಡಿದು, ಅವರಿಗೆ ಎದುರಾಗಿ ನಿಂತು, ಹಿಂದಕ್ಕೆ ಕಾಲಿಟ್ಟಳು. ಎರಡು ಪದರದ ಒಂದು ಚೂರಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಳು. ಅತ್ತೆ ಕಾದು ನೋಡಿದರು. ಅವಳು ಬೀಳಲಿಲ್ಲ. ಆಮೇಲೆ ಅವರು ತಮ್ಮ ಪಾದವನ್ನು ಅದೇ ಚೂರಿನ ಮೇಲೆ ತಂದಿಟ್ಟರು. ಮತ್ತೊಂದು. ಗಟ್ಟಿ ಇದೆಯಾ ಎಂದು ಪ್ರತಿ ಹೆಜ್ಜೆಗೂ ಕೇಳಿದರು. ಗಟ್ಟಿ ಇದೆ ಎಂದು ಪ್ರತಿ ಹೆಜ್ಜೆಗೂ ಅವಳು ಹೇಳಿದಳು. ಒಂಬತ್ತನೆಯದಕ್ಕೆ ಅವಳ ಬೆನ್ನು ನಾದಿನಿಗೆ ತಗುಲಿತು. ನಾದಿನಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಡಾಕ್ಟರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನಾದಿನಿ ಚೀಲವನ್ನು ಎರಡಾಗಿ ಮಡಚಿ ಕಂಕುಳಿಗೆ ಸೇರಿಸಿದಳು. ತೋಳಿನ ವಿಚಾರ ಅವಳು ಎತ್ತಲಿಲ್ಲ. ಹೋಗುವಾಗ, ದಿನಾ ಹೀಗೇ ನೀವೇ ಮುಂದೆ ಹೋಗಬೇಕಾಗುತ್ತಾ ಅತ್ತಿಗೆ ಎಂದು ಮಾತ್ರ ಕೇಳಿದಳು.

ದಿನಾ ಹಾಗೆಯೇ ಆಯಿತು. ಬೆಳಿಗ್ಗೆ ಹತ್ತಕ್ಕೆ ಒಂಬತ್ತು ಹೆಜ್ಜೆ, ಸಂಜೆ ನಾಲ್ಕಕ್ಕೆ ಒಂಬತ್ತು. ನಿನ್ನೆ ನಡೆದದ್ದು ಅತ್ತೆಗೆ ಇಂದು ನೆನಪಿರುವುದಿಲ್ಲ. ಕೆಳಗೆ ಗುಂಡಿ ಇರುವುದು ಮಾತ್ರ ನೆನಪಿರುತ್ತದೆ. ತೇಪೆಯಕ್ಕ ಹಿಮ್ಮೆಟ್ಟಿ ನಡೆಯುವವಳು, ಕಾಲಿಡುವ ಜಾಗ ಅವಳಿಗೆ ಕಾಣುವುದಿಲ್ಲ. ಹಿಮ್ಮಡಿ ಬಟ್ಟೆಗೆ ತಾಗುವ ಮುಂಚಿನ ಆ ಒಂದು ಚಣದಲ್ಲಿ ಅವಳ ಅಡಿಯಲ್ಲಿ ನೀರು ಹೊಳೆದಂತಾಗುತ್ತದೆ. ಅತ್ತೆ ಎದುರಿಗೇ ನಿಂತು ಅವಳ ಮುಖವನ್ನೇ ನೋಡುತ್ತಿರುತ್ತಾರೆ. ಅಲ್ಲಿ ಹೆದರಿಕೆ ಕಂಡರೆ ಅವರು ನಿಂತುಬಿಡುತ್ತಾರೆ, ಆಮೇಲೆ ಕಾಲೆತ್ತುವುದಿಲ್ಲ. ಅದಕ್ಕೇ ಅವಳು ಮುಖ ಅಲುಗಿಸುವುದಿಲ್ಲ. ಭಾರ ಬಿಡುತ್ತಾಳೆ, ನಿಲ್ಲುತ್ತಾಳೆ, ಗಟ್ಟಿ ಇದೆ ಅತ್ತೆ ಎನ್ನುತ್ತಾಳೆ. ಆಮೇಲೆ ಇನ್ನೊಂದು ಕಾಲನ್ನು ಹಿಂದಕ್ಕೆ ಎತ್ತುತ್ತಾಳೆ.